ಕೇಳಿ ಬಡಿಸುವವರು

ಹೊಳೆದಂಡೆಯ ಮಠದಲ್ಲಿ ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಅಲ್ಲೇ ಉಂಡು ಓದಿ ಬೆಳೆದ ಶಿವಲೀಲಾಳಿಗೆ ನರ್ಸಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಫೀ ಕಟ್ಟುವ ದಾರಿ ಮಾತ್ರ ಇರಲಿಲ್ಲ.

ಟ್ರಸ್ಟೊಂದರ ವಿದ್ಯಾರ್ಥಿವೇತನಕ್ಕೆ ಅವತ್ತು ಸಂಜೆ ಐದರೊಳಗೆ ಅರ್ಜಿ ಕೊಡಬೇಕಿತ್ತು. ಅವಳು ಅದನ್ನು ಮಡಚಿ ಮೂಲೆಗಿಟ್ಟಿದ್ದಳು.

“ಯಾಕ ತುಂಬಿಲ್ಲವ್ವಾ?” ಎಂದರು ಅಜ್ಜಾರು.

“ನನಗ ಸಂಶಯ ಅದ ಅಜ್ಜಾರ. ಅಪ್ಪ ಏನ್ ಮಾಡ್ತಾನ, ಮನಿ ಹಂಚಿಂದೋ ತಗಡಿಂದೋ, ಎಲ್ಲಾ ಕೇಳ್ಯಾರ. ಸೀಟಿಗಂತ ತಗಸಿದ ಆದಾಯದ ಸರ್ಟಿಫಿಕೇಟ್ ಬ್ಯಾರೆ ಬೇಕಂತ. ಕೊಡೋರಿಗೆ ಇಷ್ಟೆಲ್ಲಾ ಯಾಕ ಬೇಕು? ನಾಳೆ ನಮ್ಮ ಬಡತನಾನ ಊರ ತುಂಬ ಡಂಗುರ ಹೊಡಿತಾರ.”

“ಮತ್ತ ಹೆಂಗ್ ಮಾಡ್ತಿ?”

ಅವಳು ಮೊಬೈಲಿಗೆ ಬಂದ ಮೆಸೇಜು ತೋರಿಸಿದಳು. “ಇವರು ಒಳ್ಳೇರು. ಏನೂ ಕೇಳಿಲ್ಲ, ಸ್ಕಾಲರ್‌ಶಿಪ್ಪಿಗೆ ಆಯ್ಕೆ ಆಗೀರಿ ಅಂದಾರ. ಮೊದಲ ಒಂದಿಷ್ಟು ರೊಕ್ಕ ಕಳಸಬೇಕಂತ. ಅವ್ವನ ಕಿವಿಯಾನ ಬೆಂಡೋಲಿ ಮಾರ್ತೀನಿ.”

ಇಷ್ಟು ಅನುಮಾನದ ಹುಡುಗಿಗೆ ಅಲ್ಲೊಂದು ಅನುಮಾನ ಬರಲಿಲ್ಲ ನೋಡಿ.

ಅಜ್ಜಾರು ಎದ್ದರು. “ದಾಸೋಹದ ಹೊತ್ತಾತು. ಇವತ್ತ ಯಾರನ್ನೂ ಏನೂ ಕೇಳಬ್ಯಾಡ. ಸುಮ್ಮನ ಬಡಿಸು.”

ಅವಳಿಗೆ ವಿಚಿತ್ರವೆನಿಸಿತು. ಉಂಡು ಎಷ್ಟು ಹೊತ್ತಾಯಿತೆಂದು ಕೇಳಿಯೇ ಬಡಿಸುವುದು ಆ ಮಠದ ಪದ್ಧತಿ. ದಿನಗಟ್ಟಲೆ ಉಪವಾಸವಿದ್ದವರಿಗೆ ಅಲ್ಲಿ ರೊಟ್ಟಿ ಹಾಕುವುದಿಲ್ಲ, ಮೊದಲು ತೆಳ್ಳನೆಯ ಅಂಬಲಿ.

ಆದರೂ ಬಾಯಿ ಮುಚ್ಚಿಕೊಂಡು ಸಾಲಿಗೆಲ್ಲ ರೊಟ್ಟಿ ಹಾಕುತ್ತ ಬಂದಳು.

ಕಡೆಯಲ್ಲಿ ಒಬ್ಬ ಮುದುಕ ಕೂತಿದ್ದ. ತುಟಿ ಒಡೆದಿತ್ತು, ಕೆನ್ನೆ ಗುಳಿಬಿದ್ದಿತ್ತು. ಅವಳಿಗೆ ತಡೆಯಲಾಗಲಿಲ್ಲ.

“ಯಜ್ಜಾ, ಉಂಡು ಎಷ್ಟು ದಿನ ಆತು?”

ಮುದುಕ ಅವಳನ್ನು ಗುರಾಯಿಸಿದ. “ಅದೆಲ್ಲಾ ನಿನಗ್ಯಾಕ ಬೇಕು? ಹಾಕೋದಿದ್ರ ಹಾಕು.”

“ಸಿಟ್ಟಾಗಬ್ಯಾಡೋ ಯಪ್ಪಾ. ಕೇಳದ ಹಾಕಿದ್ರ ನಿನ್ನ ಹೊಟ್ಟಿಗೇ ತ್ರಾಸ...”

ರೊಟ್ಟಿ ಕೈಯಲ್ಲೇ ಉಳಿಯಿತು. ನಾಚಿಕೆಯಿಂದ ಅವಳ ಮುಖ ಕೆಂಪಾಯಿತು.

ಅಜ್ಜಾರು ಹಿಂದಿನಿಂದ ಬಂದು ರೊಟ್ಟಿಯ ಬುಟ್ಟಿ ಇಸಿದುಕೊಂಡರು.

“ಅಂಬಲಿ ನಾ ಹಾಕ್ತೀನಿ. ನಿನ್ನ ಅಷ್ಟೆಲ್ಲಾ ಕೇಳಿದವರು ಐದರ ತನಕ ಕಾಯ್ತಾರ, ಹೋಗು.”