ನನಗೆ ಹಾಕಬೇಡಿ ಎಂದ ಚಿಪ್ಪುಹಂದಿ

ಕಾಡಿನಲ್ಲಿ ಬೇಸಿಗೆ ಕಾಲಿಟ್ಟ ದಿನ ಮುದಿ ಕಡವೆ ತನ್ನ ಜಾಗ ಬಿಟ್ಟುಕೊಟ್ಟಿತು.

"ಗುಡ್ಡ ಹತ್ತಲು ಮೊಣಕಾಲು ಒಪ್ಪುತ್ತಿಲ್ಲ. ಬೇರೆ ಯಾರನ್ನಾದರೂ ಕಳಿಸಿ" ಎಂದಿತು. ಅಷ್ಟೇ. ಹೋಗಿ ನೆರಳಲ್ಲಿ ಮಲಗಿತು.

ಗುಡ್ಡದ ಮೇಲೆ ಕಾಡಿನ ದೊಡ್ಡ ಸಭೆ ಸೇರುತ್ತಿತ್ತು. ಒಂದೊಂದು ಕಣಿವೆಗೆ ಒಂದೊಂದು ಜಾಗ. ಕಲ್ದೊಣೆ ಕಣಿವೆಯ ಜಾಗದಲ್ಲಿ ಹತ್ತು ವರ್ಷದಿಂದ ಕಡವೆ ಕೂತಿತ್ತು. ಈಗ ಅದು ಖಾಲಿಯಾಯಿತು.

ಜಾಗ ಒಂದೇ. ಆದರೆ ಅದರ ಹಿಂದೆ ನೀರಿತ್ತು. ಕಣಿವೆಯ ನಡುವೆ ಬಂಡೆಯಲ್ಲಿ ಒಂದು ದೊಣೆ. ಸುತ್ತಲ ಹಳ್ಳಗಳೆಲ್ಲ ಬತ್ತಿದರೂ ಅದು ಬತ್ತುತ್ತಿರಲಿಲ್ಲ. ಇರುವೆಯಿಂದ ಕಡವೆಯ ತನಕ ಎಲ್ಲರೂ ಬೇಸಿಗೆ ಕಳೆಯುತ್ತಿದ್ದುದು ಆ ನೀರಿನಲ್ಲಿ. ಆಚೆ ಕಣಿವೆಯ ಚಿರತೆಗೆ ಅದರ ಮೇಲೆ ಕಣ್ಣು. 'ದೊಣೆಯನ್ನು ನನಗೊಬ್ಬನಿಗೇ ಬಿಟ್ಟುಕೊಡಿ' ಎಂದು ಪ್ರತಿ ವರ್ಷ ಸಭೆಗೆ ಅರ್ಜಿ ಕೊಡುತ್ತಿದ್ದ. ಕಣಿವೆಯ ನೀರಿನ ವಿಷಯದಲ್ಲಿ ಆ ಕಣಿವೆಯ ಸದಸ್ಯ ಹೇಳಿದ್ದೇ ಕಡೆಯ ಮಾತು. ಕಡವೆ ಪ್ರತಿ ವರ್ಷ "ಆಗುವುದಿಲ್ಲ" ಎನ್ನುತ್ತಿತ್ತು. ಈ ವರ್ಷದ ಅರ್ಜಿ ಬರಲು ಇಪ್ಪತ್ತು ದಿನ ಉಳಿದಿತ್ತು.

ಚುನಾವಣೆಗೆ ಇಬ್ಬರು ನಿಂತರು. ಒಬ್ಬಳು ನೀರುನಾಯಿ ತುಂಗವ್ವ. ದೊಣೆಯ ದಂಡೆಯಲ್ಲೇ ಅವಳ ಬಿಲ, ಬಿಲದಲ್ಲಿ ಮೂರು ಮರಿ. ಮಾತು ಕಡ್ಡಿ ಮುರಿದ ಹಾಗೆ. ಇನ್ನೊಬ್ಬ ಪುನುಗುಬೆಕ್ಕು ಗಂಧಪ್ಪ. ಮೈಯೆಲ್ಲ ಪರಿಮಳ, ಮಾತೆಲ್ಲ ಜೇನು.

ಮೂರನೆಯವನು ಚಿಪ್ಪಣ್ಣ. ಅವನು ನಿಂತದ್ದಲ್ಲ, ಅವನನ್ನು ನಿಲ್ಲಿಸಿದ್ದು.

ಚಿಪ್ಪಣ್ಣ ಒಬ್ಬ ಚಿಪ್ಪುಹಂದಿ. ಇರುವೆ ತಿನ್ನುವುದು, ಮಲಗುವುದು, ಇಷ್ಟೇ ಅವನ ಕೆಲಸ. ಕಣ್ಣು ಮಂದ, ಮೂಗು ಚುರುಕು. ಯಾರಾದರೂ ಜೋರಾಗಿ ಕೆಮ್ಮಿದರೂ ಉಂಡೆಯಾಗಿ ಸುತ್ತಿಕೊಂಡುಬಿಡುತ್ತಿದ್ದ. ಅವನು ಇರುವೆಗೂಡಿಗೆ ಮೂತಿ ಇಟ್ಟಿದ್ದ ಹೊತ್ತಿನಲ್ಲೇ ಗಂಧಪ್ಪ ಬಂದ.

"ಚಿಪ್ಪಣ್ಣ, ಕಣಿವೆಯ ಕಣ್ಣೆಲ್ಲ ನಿನ್ನ ಮೇಲಿದೆ!"

ಚಿಪ್ಪಣ್ಣ ಉಂಡೆಯಾದ.

"ಹೆದರಬೇಡ ಮಾರಾಯ. ಒಳ್ಳೆ ಸುದ್ದಿ. ನೀನು ಚುನಾವಣೆಗೆ ನಿಲ್ಲಬೇಕು."

ಉಂಡೆಯೊಳಗಿಂದ ದನಿ ಬಂತು. "ನಾನಾ? ನನಗೆ ಮಾತೇ ಬರಲ್ಲ."

"ಮಾತು ಬರುವವರಿಂದಲೇ ಕಾಡು ಹಾಳಾಗಿದ್ದು. ನಿನ್ನಂಥ ಸಾಧು ಬೇಕು."

"ನೀವೂ ನಿಂತಿದ್ದೀರಲ್ಲ?"

"ನಿಂತಿದ್ದೇನೆ. ಆದರೇನು? ಒಳ್ಳೆಯವರು ಇಬ್ಬರು ನಿಂತರೆ ಕಣಿವೆಗೆ ಎರಡು ಪಟ್ಟು ಒಳ್ಳೆಯದು."

ಈ ಲೆಕ್ಕ ಚಿಪ್ಪಣ್ಣನಿಗೆ ಸರಿ ಕಂಡಿತು. ಹುಟ್ಟಿದಾಗಿನಿಂದ ಅವನನ್ನು ಯಾರೂ ಹೊಗಳಿರಲಿಲ್ಲ. ಮೆಲ್ಲಗೆ ಬಿಚ್ಚಿಕೊಂಡು ಒಪ್ಪಿಕೊಂಡ.

ಕಣಿವೆಯ ಚುನಾವಣೆ ನಡೆಸುವವನು ಗೂಬೆಜ್ಜ. ಅವನ ಬಳಿ ಹಳೆಯ ಹುತ್ತವೊಂದಿತ್ತು, ಗೆದ್ದಲು ಬಿಟ್ಟುಹೋದದ್ದು. ಅದಕ್ಕೆ ಮೂರು ಬಾಯಿ. ಅಭ್ಯರ್ಥಿಗೊಂದು ಬಾಯಿ. ಓಟಿನ ದಿನ ಪ್ರತಿಯೊಬ್ಬರಿಗೂ ಒಂದು ಗುಲಗಂಜಿ ಕೊಡುತ್ತಿದ್ದ. ಬೇಕಾದ ಬಾಯಿಗೆ ಹಾಕಿ ಬರಬೇಕು. ಇನ್ನೊಂದು ಕಟ್ಟಳೆಯೂ ಇತ್ತು. ಅಭ್ಯರ್ಥಿ ಕಣಿವೆಯ ಪ್ರತಿ ಬಾಗಿಲಿಗೂ ಒಮ್ಮೆ ಹೋಗಿ ಓಟು ಕೇಳಲೇಬೇಕು. ಒಂದು ಬಾಗಿಲು ತಪ್ಪಿದರೂ ಹೆಸರು ತೆಗೆದುಹಾಕುತ್ತಿದ್ದ.

ಒಮ್ಮೆ ಎಂದಿದ್ದರಿಂದ ಎಲ್ಲರೂ ಒಮ್ಮೆಯೇ ಹೋಗುತ್ತಿದ್ದರು. ಎರಡನೆಯ ಸಲ ಬಂದ ಅಭ್ಯರ್ಥಿಯನ್ನು ಆ ಕಣಿವೆ ಕಂಡಿರಲಿಲ್ಲ.

ಚಿಪ್ಪಣ್ಣ ಹೊರಟ. ಮೊದಲು ಮೊಲದ ಮನೆ. ಮುದುಕಿ ಮೊಲಮ್ಮ ಹೊರಗೆ ಬಂದಳು.

"ಯಾರದು?"

ಚಿಪ್ಪಣ್ಣ ಉಂಡೆಯಾದ.

ಮೊಲಮ್ಮ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. "ಓಟು ಕೇಳೋಕೆ ಬಂದೆಯಾ?"

"ಹ್ಞೂಂ."

"ಏನು ಮಾಡಿಕೊಡ್ತೀಯ?"

"ಗೊತ್ತಿಲ್ಲ ಅಜ್ಜಿ."

ಮೊಲಮ್ಮನಿಗೆ ನಗು ಬಂತು. ಅಲ್ಲೇ ಕೂತು ತನ್ನ ಕಷ್ಟವೆಲ್ಲ ಹೇಳಿದಳು. ಉಂಡೆಗೆ ಹೇಳುವುದು ಸುಲಭ, ನಡುವೆ ಬಾಯಿ ಹಾಕುವುದಿಲ್ಲ. ಕಾಡುಕೋಳಿಗಳೂ ಹೇಳಿಕೊಂಡವು. ಮುಳ್ಳುಹಂದಿಯೂ ಹೇಳಿಕೊಂಡ. ಎಲ್ಲರ ಮಾತೂ ಒಂದೇ. ಮರಿಗಳಿವೆ, ಬೇಸಿಗೆ ಜೋರಾಗಿದೆ, ದೊಣೆ ಇಲ್ಲದಿದ್ದರೆ ಗತಿ ಏನು? ಐದನೆಯ ದಿನ ಚಿಪ್ಪಣ್ಣ ಉಂಡೆಯಾಗುವುದನ್ನೂ ಮರೆತು ಕೂತು ಕೇಳಿದ.

ಕೊನೆಗೆ ಉಳಿದದ್ದು ತುಂಗವ್ವನ ಬಾಗಿಲು. ಎದುರಾಳಿಯಾದರೇನು, ಕಟ್ಟಳೆ ಕಟ್ಟಳೆಯೇ.

ತುಂಗವ್ವ ನೀರಿನಿಂದ ತಲೆ ಎತ್ತಿದಳು. "ಬಾರಪ್ಪ ಡಮ್ಮಿ."

"ನನ್ನ ಹೆಸರು ಚಿಪ್ಪಣ್ಣ."

"ಹೆಸರು ಗೊತ್ತು, ನಾನು ಹೇಳಿದ್ದು ನಿನ್ನ ಕೆಲಸ. ಲೆಕ್ಕ ಬರುತ್ತಾ?"

"ಅಲ್ಪಸ್ವಲ್ಪ."

"ಕಣಿವೆಯಲ್ಲಿ ತೊಂಬತ್ತು ಓಟು. ಬೆಕ್ಕು, ಮುಂಗುಸಿ, ಬಾವಲಿ, ಗಂಧಪ್ಪನ ನೆಂಟರಿಷ್ಟರು ಸೇರಿ ನಲವತ್ತು. ಉಳಿದದ್ದೆಷ್ಟು?"

"ಐವತ್ತು."

"ಅಷ್ಟೂ ನನಗೆ ಬಂದರೆ ನಾನು ಗೆದ್ದೆ. ಅದರಲ್ಲಿ ಇಪ್ಪತ್ತು ನೀನು ಕಿತ್ತುಕೊಂಡರೆ?"

ಚಿಪ್ಪಣ್ಣ ಉಗುರಿನಿಂದ ಮಣ್ಣಿನಲ್ಲಿ ಗೀಚಿದ. "ನಿಮಗೆ ಮೂವತ್ತು. ಅವರಿಗೆ ನಲವತ್ತು." ಗೀಚಿದ್ದನ್ನು ಮತ್ತೊಮ್ಮೆ ಎಣಿಸಿದ. "ಎರಡು ಪಟ್ಟು ಒಳ್ಳೆಯದು ಅಂದಿದ್ದರು."

"ಅವನಿಗೆ ಒಳ್ಳೆಯದು. ಗೆದ್ದು ಗುಡ್ಡ ಹತ್ತಿದ ದಿನವೇ ದೊಣೆಯನ್ನು ಚಿರತೆಗೆ ಬರೆದುಕೊಡ್ತಾನೆ. ಚಿರತೆ ಬೇಟೆಯಾಡಿ ಬಿಟ್ಟದ್ದೆಲ್ಲ ಇವನ ಪಾಲು. ಇದೇ ಬಂಡೆಯ ಮೇಲೆ ನಿಂತು ಇಬ್ಬರೂ ಮಾತಾಡಿಕೊಂಡರು. ನಾನು ನೀರೊಳಗೆ ಮೂಗು ಮಾತ್ರ ಮೇಲಿಟ್ಟುಕೊಂಡು ಕೇಳಿಸಿಕೊಂಡೆ."

"ಎಲ್ಲರಿಗೂ ಹೇಳಬಹುದಿತ್ತಲ್ಲ?"

"ಹೇಳದೆ ಇದ್ದೇನಾ? ಓಟಿನ ಕಾಲದ ಮಾತು ಅಂತ ಕಿವಿ ಕೊಡವಿಕೊಂಡು ಹೋಗ್ತಾರೆ."

ಚಿಪ್ಪಣ್ಣ ಬಂಡೆ ಹತ್ತಿ ಮೂಸಿದ. ಚಿರತೆಯ ಘಾಟು. ಅದರ ಪಕ್ಕದಲ್ಲೇ ಪುನುಗಿನ ಪರಿಮಳ. ಎರಡೂ ಒಂದೇ ದಿನದ್ದು. ಅವನ ಮೂಗು ಎಂದೂ ತಪ್ಪಿದ್ದಿಲ್ಲ.

ದಂಡೆಯಲ್ಲಿ ಮೂರು ಮರಿಗಳು ಒಂದರ ಬಾಲ ಒಂದು ಹಿಡಿದು ಜಾರಾಡುತ್ತಿದ್ದವು. ಚಿಪ್ಪಣ್ಣ ಅವನ್ನೇ ನೋಡಿದ. ಆಮೇಲೆ ನೆಟ್ಟಗೆ ಗೂಬೆಜ್ಜನ ಬಳಿಗೆ ನಡೆದ.

"ಅಜ್ಜ, ನನ್ನ ಹೆಸರು ತೆಗೆದುಬಿಡಿ."

ಹಗಲಾದ್ದರಿಂದ ಗೂಬೆಜ್ಜ ಅರ್ಧ ಕಣ್ಣು ತೆರೆದ. "ಬಾಗಿಲು ಯಾವುದಾದರೂ ತಪ್ಪಿತೇನು?"

"ಇಲ್ಲ. ಎಲ್ಲ ಬಾಗಿಲಿಗೂ ಹೋದೆ."

"ಹಾಗಾದರೆ ತೆಗೆಯಲು ಬರುವುದಿಲ್ಲ. ಬಾಯಿ ಹಂಚಿ ಆಯಿತು."

"ನಾನು ನಿಂತಿದ್ದರೆ ಕಣಿವೆಯ ನೀರು ಹೋಗುತ್ತದೆ ಅಜ್ಜ!"

"ನೀರಿನ ಮಾತು ಗುಡ್ಡದಲ್ಲಿ ಆಡು. ಇಲ್ಲಿ ಬೀಜದ ಮಾತು ಮಾತ್ರ." ಗೂಬೆಜ್ಜ ಕಣ್ಣು ಮುಚ್ಚಿಕೊಂಡ.

ಚಿಪ್ಪಣ್ಣ ಹುತ್ತದ ಪಕ್ಕ ಕೂತು ಯೋಚಿಸಿದ. ಅವನಿಗೆ ಹೊಳೆದದ್ದು ಒಂದೇ ದಾರಿ. ಬಾಗಿಲು ಬಾಗಿಲಿಗೆ ಹೋಗಿ ಓಟು ಕೇಳಿದ್ದ. ಮತ್ತೆ ಬಾಗಿಲು ಬಾಗಿಲಿಗೆ ಹೋಗಿ, ಬೇಡ ಎಂದು ಹೇಳಬೇಕು.

ಮೊದಲು ಮೊಲಮ್ಮ.

"ಅಯ್ಯೋ, ಮತ್ತೆ ಬಂದೆಯಾ? ಏನಾದರೂ ಮರೆತು ಹೋಗಿದ್ದೆಯಾ?"

"ಇಲ್ಲ ಅಜ್ಜಿ. ನನಗೆ ಹಾಕಬೇಡಿ."

"ಏನಂದೆ?"

"ನನಗೆ ಹಾಕಬೇಡಿ. ನಾನು ಡಮ್ಮಿಯಂತೆ. ನನಗೆ ಗೊತ್ತಿರಲಿಲ್ಲ. ತುಂಗವ್ವನಿಗೆ ಹಾಕಿ. ಗಂಧಪ್ಪ ದೊಣೆಯನ್ನು ಚಿರತೆಗೆ ಕೊಡುತ್ತಾನೆ. ಬಂಡೆ ಮೂಸಿ ನೋಡಿದ್ದೇನೆ."

ಮೊಲಮ್ಮನ ಎರಡೂ ಕಿವಿ ನೆಟ್ಟಗಾದವು. "ಬೇಡ ಅನ್ನೋದಕ್ಕೆ ಇಷ್ಟು ದೂರ ಬಂದೆಯಾ? ಈ ಬಿಸಿಲಲ್ಲಿ?"

"ಇನ್ನೂ ಎಪ್ಪತ್ತು ಮನೆ ಇವೆ ಅಜ್ಜಿ. ಬರ್ತೀನಿ."

ಅವನು ಹೋದ ಮೇಲೆ ಮೊಲಮ್ಮ ಪಕ್ಕದ ಮನೆಗೆ ಓಡಿದಳು. "ಕೇಳಿದಿರಾ? ಎರಡನೇ ಸಲ ಬಂದಿದ್ದ! ಬೇಡ ಅಂತ ಹೇಳೋಕೆ!"

ಮೂರು ದಿನ ಚಿಪ್ಪಣ್ಣ ನಡೆದ. ಕಾಲಿನ ಉಗುರು ಸವೆಯಿತು. ಹೋದಲ್ಲೆಲ್ಲ ಅದೇ ಮಾತು, ನನಗೆ ಹಾಕಬೇಡಿ. ಇದೇ ಮಾತನ್ನು ತುಂಗವ್ವ ಹೇಳಿದಾಗ ನಂಬದವರು ಅವನು ಹೇಳಿದಾಗ ನಂಬಿದರು. ಗೆಲ್ಲಲು ಸುಳ್ಳು ಹೇಳುವವರುಂಟು, ಸೋಲಲು ಯಾರು ಹೇಳುತ್ತಾರೆ?

ಸುದ್ದಿ ಗಂಧಪ್ಪನಿಗೆ ಮುಟ್ಟಿತು. ಮೀಸೆ ಅದುರಿತು. ಚಿಪ್ಪಣ್ಣನ ಓಟೆಲ್ಲ ತುಂಗವ್ವನಿಗೆ ಹೋದರೆ ತಾನು ಸೋತ ಹಾಗೆಯೇ. ಸೋತರೆ ಚಿರತೆಗೆ ಯಾವ ಮುಖ ತೋರಿಸುವುದು? ಮಾತು ಕೊಟ್ಟಾಗಿದೆ. ಚಿರತೆಗೆ ಮಾತು ಕೊಟ್ಟು ತಪ್ಪಿದವರು ಯಾರೂ ಮುದುಕರಾಗಿರಲಿಲ್ಲ.

ಒಂದು ಉಪಾಯ ತೆಗೆದ. ಚಿಪ್ಪಣ್ಣನಿಗೆ ಓಟು ಬೀಳುವ ಹಾಗೆ ಮಾಡಬೇಕು. ತುಂಗವ್ವನ ಪಾಲು ಒಡೆದೇ ಇರಬೇಕು. ಗಂಧಪ್ಪ ಕಣಿವೆಯೆಲ್ಲ ಓಡಾಡಿದ. ಮರ ಹತ್ತಿದ, ಪೊದೆ ನುಗ್ಗಿದ.

"ನೋಡಿ, ನೋಡಿ! ಎಂಥ ದೊಡ್ಡ ಮನಸ್ಸು ಚಿಪ್ಪಣ್ಣನದು! ತನಗೆ ಹಾಕಬೇಡಿ ಅನ್ನುತ್ತಾನೆ! ಅಂಥವನಿಗೆ ಹಾಕದೆ ಇನ್ಯಾರಿಗೆ ಹಾಕುತ್ತೀರಿ?" ಎಂದು ಸಾರಿದ. ಕಣ್ಣಲ್ಲಿ ನೀರೂ ತಂದುಕೊಂಡ. ನಾಲಿಗೆಯಲ್ಲಿದ್ದ ಜೇನನ್ನೆಲ್ಲ ಸುರಿದ.

ಚುನಾವಣೆಯ ಹಿಂದಿನ ದಿನ ಕಾಡುಕೋಳಿ ಚಿಪ್ಪಣ್ಣನನ್ನು ದಾರಿಯಲ್ಲಿ ತಡೆದಳು.

"ಅಣ್ಣ, ನನ್ನ ಓಟು ನಿನಗೇ."

"ಬೇಡ ತಾಯಿ! ಅಷ್ಟು ಹೇಳಿದೆನಲ್ಲ!"

"ನೀನು ಬೇಡ ಅಂತೀಯ. ಗಂಧಪ್ಪ ಹಾಕಿ ಅಂತಾನೆ. ಎರಡರಿಂದಲೂ ನನಗೆ ತಿಳಿದದ್ದು ಒಂದೇ, ನೀನು ಒಳ್ಳೆಯವನು ಅಂತ."

"ನೀರು ಹೋಗುತ್ತೆ ಕಣಮ್ಮ!"

"ಯಾಕೆ ಹೋಗುತ್ತೆ? ನೀನು ಕೊಡ್ತೀಯಾ ಚಿರತೆಗೆ?"

"ನಾನ್ಯಾಕೆ ಕೊಡಲಿ?"

"ಮತ್ತೆ?" ಎಂದು ಕಾಡುಕೋಳಿ ನಡೆದೇ ಹೋದಳು.

ಚಿಪ್ಪಣ್ಣನಿಗೆ ಅನ್ನ ಸೇರಲಿಲ್ಲ. ಇರುವೆಗಳು ಮೂತಿಯ ಮುಂದೆಯೇ ಸಾಲು ಹೋದವು.

ಓಟಿನ ದಿನ ಬೆಳಿಗ್ಗೆಯೇ ಹುತ್ತದ ಮುಂದೆ ಸಾಲು ಬೆಳೆಯಿತು. ಗೂಬೆಜ್ಜ ನಿದ್ದೆಗಣ್ಣಿನಲ್ಲೇ ಗುಲಗಂಜಿ ಹಂಚಿದ. ಚಿಪ್ಪಣ್ಣ ತನ್ನ ಬೀಜವನ್ನು ತುಂಗವ್ವನ ಬಾಯಿಗೆ ಹಾಕಿದ. ದೂರ ಹೋಗಿ ಒಂದು ಕಲ್ಲಿನ ಹಿಂದೆ ಕೂತ. ತನ್ನಿಂದಾಗಿ ಆ ಮೂರು ಮರಿಗಳಿಗೆ ನೀರಿಲ್ಲದಂತಾದರೆ? ಈ ಒಂದೇ ಯೋಚನೆ ಅವನಿಗೆ.

ಸಂಜೆಯ ಹೊತ್ತಿಗೆ ಎಣಿಕೆ. ಗೂಬೆಜ್ಜ ಬೀಜಗಳನ್ನು ಬಂಡೆಯ ಮೇಲೆ ಹರಡಿ ಕೊಕ್ಕಿನಿಂದ ಒಂದೊಂದೇ ಸರಿಸಿದ.

"ಪುನುಗುಬೆಕ್ಕು ಗಂಧಪ್ಪ. ಹನ್ನೊಂದು."

"ಸರಿಯಾಗಿ ಎಣಿಸಿ!" ಎಂದು ಗಂಧಪ್ಪ ಕೂಗಿದ.

"ಎಣಿಸಿಯೇ ಹೇಳಿದ್ದು. ನೀರುನಾಯಿ ತುಂಗವ್ವ. ಇಪ್ಪತ್ತೆರಡು. ಚಿಪ್ಪುಹಂದಿ ಚಿಪ್ಪಣ್ಣ. ಐವತ್ತೇಳು."

ಕಣಿವೆ ಕಿವುಡಾಗುವಷ್ಟು ಗದ್ದಲವೆದ್ದಿತು. ಗಂಧಪ್ಪ ತನ್ನ ನೆಂಟರ ಕಡೆ ತಿರುಗಿದ. "ನಲವತ್ತು ಜನ ಇದ್ದಿರಲ್ಲೋ! ಎಲ್ಲಿ ಹೋದವು ಓಟು?"

ಅಕ್ಕನ ಮಗ ಕಾಡುಬೆಕ್ಕು ತಲೆ ಕೆರೆದುಕೊಂಡ. "ನೀವೇ ಹೇಳಿದಿರಲ್ಲ ಮಾವ. ಅಂಥವನಿಗೆ ಹಾಕದೆ ಇನ್ಯಾರಿಗೆ ಅಂತ. ಅಳ್ತಾ ಹೇಳಿದಿರಿ. ನಾವೂ ಅತ್ತೆವು."

"ಅದು ನಿಮಗಲ್ಲವೋ ಮಂಕೇ! ಅವರಿಗೆ ಹೇಳಿದ್ದು!"

"ಹಾಗಂತ ಹೇಳಲಿಲ್ಲವಲ್ಲ ಮಾವ."

ತುಂಗವ್ವ ಕಲ್ಲಿನ ಹಿಂದೆ ಬಂದು ಚಿಪ್ಪಣ್ಣನನ್ನು ಎಬ್ಬಿಸಿದಳು. "ಏಳಯ್ಯ. ಗೆದ್ದಿದ್ದೀಯ."

"ಕ್ಷಮಿಸಿಬಿಡಿ ಅಕ್ಕ. ಬೇಡ ಬೇಡ ಅಂದೆ."

"ಕ್ಷಮಿಸೋದೇನು ಬಂತು? ನನಗೆ ಬೇಕಾಗಿದ್ದು ನೀರು, ಜಾಗ ಅಲ್ಲ. ಹೋಗಿ ಏನು ಹೇಳ್ತೀಯ, ಅದನ್ನು ಯೋಚಿಸು."

"ನನಗೆ ಮಾತು ಬರಲ್ಲವಲ್ಲ."

"ಎರಡು ಮಾತು ಸಾಕು."

ಒಂದು ವಾರಕ್ಕೆ ಗುಡ್ಡದ ಮೇಲೆ ಸಭೆ ಕೂತಿತು. ಚಿರತೆಯ ಅರ್ಜಿ ಓದಿದರು. ಚಿರತೆ ಬಾಲ ಬೀಸುತ್ತ ಎದುರಿಗೇ ಕೂತಿದ್ದ. ಕಲ್ದೊಣೆಯ ಸದಸ್ಯ ಏನು ಹೇಳುತ್ತಾನೆ ಎಂದು ಕೇಳಿದರು. ಚಿಪ್ಪಣ್ಣನಿಗೆ ಉಂಡೆಯಾಗಬೇಕೆನಿಸಿತು. ಆದರೂ ನಾಲ್ಕೂ ಕಾಲಿನ ಮೇಲೆ ನಿಂತೇ ಇದ್ದ.

"ದೊಣೆ ಎಲ್ಲರದು" ಎಂದ.

ಸಭೆ ಅರ್ಜಿಯನ್ನು ಪಕ್ಕಕ್ಕಿಟ್ಟಿತು. ಚಿರತೆ ಗುಡ್ಡ ಇಳಿದವನೇ ಗಂಧಪ್ಪನ ಮನೆ ಹುಡುಕಿಕೊಂಡು ಬಂದ. ಮನೆ ಬರಿದಾಗಿತ್ತು. ಗಂಧಪ್ಪ ಅಷ್ಟರಲ್ಲೇ ಎರಡು ಗುಡ್ಡ ದಾಟಿದ್ದ. ಮತ್ತೆ ಆ ಕಾಡಿಗೆ ಬರಲಿಲ್ಲ.

ನೀತಿ: ಬೇರೆಯವರ ಬಲ ಒಡೆಯಲು ಸಾಧುವನ್ನು ಮುಂದೆ ಬಿಟ್ಟವನು ಆ ಸಾಧುವಿನ ಕೈಯಲ್ಲೇ ಸೋಲುತ್ತಾನೆ.