ಡೆಕ್ಕಿನ ಮೇಲೆ ಒಡೆಯರ ಕುರ್ಚಿ

ಕರಾವಳಿಯ ಒಂದು ಕಡವಿನಲ್ಲಿ ಜನರನ್ನು ಹೊಳೆ ದಾಟಿಸುವ ಹಳೆಯ ಮೋಟಾರು ದೋಣಿಯಿತ್ತು. ಅದರ ಡೆಕ್ಕಿನ ಹಲಗೆಗಳು ಎಷ್ಟು ಕೊಳೆತಿದ್ದವೆಂದರೆ, ಹೆಬ್ಬೆರಳಿನಿಂದ ಒತ್ತಿದರೂ ಕುಸಿಯುತ್ತಿದ್ದವು.

"ಹೊಸ ಹಲಗೆ ಹಾಕಿಸಬೇಕು ಒಡೆಯಾ. ಯಾರದ್ದಾದರೂ ಕಾಲು ಮುರಿದೀತು," ಎಂದ ದೋಣಿ ನಡೆಸುವವನು.

"ನನಗೇ ಬುದ್ಧಿ ಹೇಳ್ತೀಯಾ? ಮೇಲೆ ದಪ್ಪಗೆ ಬಣ್ಣ ಬಳಿ. ನಾಳೆ ದೋಣಿ ಹೊರಡದಿದ್ದರೆ ನೀನು ಮನೆಗೆ ಹೊರಡು!" ಎಂದರು ಮಾಲೀಕ ಪದ್ಮನಾಭಯ್ಯ.

ಅವನು ಅಂದೇ ದಪ್ಪಗೆ ಬಣ್ಣ ಬಳಿದ.

ಹೊಸ ಬಣ್ಣದ ದೋಣಿ ಮೊದಲ ಸಲ ಹೊರಡುವಾಗ ಮಾಲೀಕರೇ ಡೆಕ್ಕಿನ ನಡುವೆ ಕೂತು ಹೊಳೆ ದಾಟುವುದು ಆ ಕಡವಿನ ಪದ್ಧತಿ. ಮರುದಿನ ಬೆಳಿಗ್ಗೆ ದೋಣಿ ನಡೆಸುವವನು ಅಲ್ಲಿ ಕುರ್ಚಿಯಿಟ್ಟು, ಅದಕ್ಕೆ ಅಬ್ಬಲಿಗೆ ಮಾಲೆ ಹಾಕಿ, ಜನರನ್ನು ದಡದಲ್ಲೇ ತಡೆದ. "ಒಡೆಯರು ಕೂತ ಮೇಲೆ ನಾವೆಲ್ಲ!"

ಜರಿ ಶಾಲು ಹೊದ್ದು ಬಂದ ಭಾರೀ ಮೈಯ ಪದ್ಮನಾಭಯ್ಯ ಒಂದು ಕಾಲು ಎತ್ತಿದವರು ಹಾಗೇ ನಿಂತರು.

"ಹಲಗೆ ಬದಲಿಸಿದ್ದೀಯೇನೋ?" ಎಂದು ಪಿಸುಗುಟ್ಟಿದರು.

"ನಿಮ್ಮ ಮಾತು ಮೀರ್ತೇನೆಯೇ ಒಡೆಯಾ? ಬರೀ ಬಣ್ಣ."

ಎತ್ತಿದ ಕಾಲು ದಡಕ್ಕೇ ಮರಳಿತು.

"ಕೂತ್ಕಳ್ಳಿ ಒಡೆಯಾ, ನಮಗೆ ಹೊತ್ತಾಯ್ತು!" ಎಂದು ಮೀನು ಮಾರುವವಳೊಬ್ಬಳು ಕೂಗಿದಳು. ಪದ್ಮನಾಭಯ್ಯ ಕುರ್ಚಿಯನ್ನು ನೋಡಿದರು, ಜನರನ್ನು ನೋಡಿದರು, ಬೆವರು ಒರೆಸಿಕೊಂಡರು.

ದೋಣಿ ನಡೆಸುವವನಿಗೆ ಕನಿಕರ ಬಂತು. ಜನರತ್ತ ತಿರುಗಿ ಜೋರಾಗಿ ಹೇಳಿದ: "ಕೇಳಿ! ಈ ಹಲಗೆಯ ಮೇಲೆ ಯಾರೂ ಕಾಲಿಡೋದು ಬೇಡವಂತೆ. ಒಡೆಯರು ಹೊಸತು ಹಾಕಿಸ್ತಾರಂತೆ!"

ದಡದವರೆಲ್ಲ ಚಪ್ಪಾಳೆ ತಟ್ಟಿದರು. ಪದ್ಮನಾಭಯ್ಯ ಶಾಲು ಸರಿಮಾಡಿಕೊಂಡು ಗದರಿದರು:

"ಮತ್ತೆ? ಜನರ ಪ್ರಾಣ ಅಂದರೆ ಆಟವೇನೋ? ಈಗಲೇ ಆಚಾರಿಯನ್ನು ಕರೆಸು. ಮರ ಗಟ್ಟಿಯಿರಲಿ, ಮೊದಲು ಕೂರಬೇಕಾದವನು ನಾನು!"