ಉಪರಾಜನ ಆಯ್ಕೆ

"ಊರಿನ ಎಲೆಯೆಲ್ಲ ನನ್ನ ತಟ್ಟೆಗೇ ಬೀಳಬೇಕು. ಬೀಳದಿದ್ದರೆ ಬೀಳಿಸೋದು ಹೇಗೆಂದು ನನಗೆ ಗೊತ್ತು" ಎಂದು ಕೆಂಚನಾಯಕ ಪೇಟೆಯ ನಡುವೆ ನಿಂತು ಹೇಳಿದ. ಅವನು ಬಿದಿರಕೋಟೆಯ ರಾಣಿಯ ಒಬ್ಬನೇ ತಮ್ಮ.

ಬಿದಿರಕೋಟೆಯಲ್ಲಿ ಉಪರಾಜನನ್ನು ಆರಿಸುವವರು ಕೇರಿಯ ಹಿರಿಯರು. ಸ್ಪರ್ಧೆಗೆ ನಿಂತವರು ಸಭೆಯಲ್ಲಿ ತಮ್ಮ ಮಾತು ಹೇಳಬೇಕು. ಆಮೇಲೆ ಹಿರಿಯರು ಒಬ್ಬೊಬ್ಬರಾಗಿ ಎದ್ದು, ಮೆಚ್ಚಿದವನ ತಟ್ಟೆಯಲ್ಲಿ ವೀಳ್ಯದೆಲೆ ಇಡಬೇಕು. ರಾಜ ಊರಲ್ಲಿದ್ದರೆ ಉಪರಾಜನಿಗೆ ಸುಮ್ಮನೆ ಕೂರುವ ಕೆಲಸ. ರಾಜ ಊರು ಬಿಟ್ಟರೆ ಮಾತ್ರ ಅವನದೇ ಆಡಳಿತ.

ಕೆಂಚನಾಯಕ ಗೆದ್ದರೆ ಕುಂಬಾರಗೇರಿ ಕೆಡವಿ ತನ್ನ ಕುದುರೆ ಲಾಯ ಕಟ್ಟಿಸುವುದಾಗಿ ಸಾರಿದ್ದ. ಕುಂಬಾರರ ಹಿರಿಯ ತಿಪ್ಪಯ್ಯ ಓಡಿಬಂದು ಗುರುಬಸವ್ವನ ಎದುರು ನಿಂತ.

ಗುರುಬಸವ್ವ ಆಸ್ಥಾನದ ಜಾಣೆ. ಯಾರ ಶಿಫಾರಸೂ ಇಲ್ಲದೆ, ಬರೀ ಮಾತಿನ ಬಲದಿಂದ ಅಲ್ಲಿ ಜಾಗ ಮಾಡಿಕೊಂಡವಳು.

"ಅವ್ವಾ, ನಮ್ಮ ಆವಿಗೆ ಹೋದರೆ ನಾವು ಮಡಕೆ ಸುಡೋದೆಲ್ಲಿ? ಎಲೆ ಇಡದಿದ್ದರೆ ಅವನ ಆಳುಗಳು ಮನೆಗೇ ಬರ್ತಾರೆ."

ಅವಳು ನೇರ ರಾಜನ ಬಳಿಗೆ ಹೋದಳು. ರಾಜ ಮಲ್ಲರಸ ತಲೆ ಕೆರೆದುಕೊಂಡ.

"ನನಗೂ ಅವನು ಬೇಡ ಗುರುಬಸವ್ವಾ. ಆದರೆ ಅವನ ಮೇಲೆ ಒಂದು ಕೆಟ್ಟ ಮಾತು ಬಂದರೂ ರಾಣಿ ನನಗೆ ಊಟ ಹಾಕಲ್ಲ. ಬಯ್ಯದೆ ಸೋಲಿಸ್ತೀಯಾ?"

"ಬಯ್ಯೋದ್ಯಾಕೆ ಪ್ರಭು? ಹೊಗಳ್ತೀನಿ."

ಸಭೆ ಸೇರಿತು. ಪರದೆಯ ಹಿಂದೆ ರಾಣಿಯೂ ಬಂದು ಕುಳಿತಳು. ಮೊದಲು ಎದ್ದವನು ಎದುರಾಳಿ ಮಾದರಸ, ಹಲ್ಲುದುರಿದ ಮುದುಕ.

"ಪ್ರಭುಗಳು ಊರು ಬಿಟ್ಟಾಗ ಕೋಟೆ ಬಾಗಿಲು ಹಾಕಿಸ್ತೀನಿ. ಬಂದಾಗ ತೆಗೆಸ್ತೀನಿ. ಅಷ್ಟೇ" ಎಂದು ಕುಳಿತ.

ಸಭೆಯೆಲ್ಲ ನಕ್ಕಿತು. ಕೆಂಚನಾಯಕ ಎಲ್ಲರಿಗಿಂತ ಜೋರಾಗಿ ನಕ್ಕ.

ಗುರುಬಸವ್ವ ಎದ್ದು ಕೈಮುಗಿದಳು. "ನಾಯಕರೇ, ನಿಮ್ಮಂಥ ಗಂಡೆದೆಯವರು ಮಾದರಸರ ಹಾಗೆ ಚಿಕ್ಕ ಮಾತಾಡಲ್ಲ. ದಸರೆ ಹೊತ್ತಿಗೆ ಏನು ಮಾಡಿಸ್ತೀರಿ, ಹೇಳಿ, ಕೇಳೋಣ."

"ದಸರೆಗಾ? ಕುಂಬಾರಗೇರಿ ಕೆಡವಿ ಕುದುರೆ ಲಾಯ ಎಬ್ಬಿಸ್ತೀನಿ!"

"ಅಬ್ಬಾ! ದೀಪಾವಳಿಗೆ?"

"ಪೇಟೆಯ ಸುಂಕ ಅರ್ಧ ಇಳಿಸ್ತೀನಿ."

ವರ್ತಕರು ತಲೆದೂಗಿದರು.

"ಎಂಥಾ ಧಾರಾಳ! ಸಂಕ್ರಾಂತಿಗೆ?"

"ಊರ ಮುಂದೆ ಹೊಸ ಕೆರೆ!" ಕೆಂಚನಾಯಕನ ಎದೆ ಉಬ್ಬಿತು.

"ಇಷ್ಟಕ್ಕೇ ಸುಸ್ತಾದಿರಾ? ಯುಗಾದಿಗೆ ಏನೂ ಇಲ್ವಾ?"

"ಯಾಕಿಲ್ಲ? ನನ್ನ ಹೆಸರಿನ ನಾಣ್ಯ ಹಾಕಿಸ್ತೀನಿ! ಯಾರು ತಡೀತಾರೆ ನೋಡೋಣ!"

"ಯಾರೂ ತಡೆಯಲ್ಲ ನಾಯಕರೇ. ನಿಮ್ಮ ಮಾತು ಅಂದರೆ ಮಾತೇ." ಗುರುಬಸವ್ವ ಸೆರಗು ಸರಿಮಾಡಿಕೊಂಡಳು. "ಒಂದೇ ಒಂದು ತಿಳೀಬೇಕಿತ್ತು. ಪ್ರಭುಗಳು ಊರಲ್ಲಿದ್ದರೆ ಉಪರಾಜ ಒಂದು ಕಲ್ಲೂ ಕದಲಿಸೋ ಹಾಗಿಲ್ಲ. ದಸರೆಗೇ ಕೆಲಸ ಶುರು ಅಂದರೆ ಪ್ರಭುಗಳು ಅದಕ್ಕೆ ಮುಂಚೆಯೇ ಹೊರಡಬೇಕು. ಯುಗಾದಿಗೂ ಬರಬಾರದು. ನಾನು ದಾರಿಬುತ್ತಿ ಕಟ್ಟಿಸಬೇಕಲ್ಲ, ಅದಕ್ಕೇ ಕೇಳ್ತೀನಿ. ಹೋಗಿ ಬರೋದಕ್ಕೆ ಕಟ್ಟಿಸಲೋ, ಬರೀ ಹೋಗೋದಕ್ಕೆ ಸಾಕೋ?"

ಕೆಂಚನಾಯಕ ಗಕ್ಕನೆ ರಾಜನ ಕಡೆ ತಿರುಗಿದ.

"ನಾನು... ಹಾಗಲ್ಲ..."

ಪರದೆಯ ಹಿಂದೆ ಬಳೆಗಳು ಝಲ್ಲೆಂದವು.

"ಲೋ ಕೆಂಚಾ! ನನ್ನ ಗಂಡನನ್ನ ಎಲ್ಲಿಗೆ ಕಳಿಸ್ಬೇಕು ಅಂತಿದೀಯೋ?"

"ಅಕ್ಕಾ, ಎಲ್ಲಿಗೂ ಇಲ್ಲ ಅಕ್ಕಾ!"

"ಹಾಗಾದರೆ ನಾಣ್ಯ ಯಾರನ್ನ ಕೇಳಿ ಹಾಕಿಸ್ತಿದ್ದೆ?"

ಕೆಂಚನಾಯಕ ಪರದೆಯತ್ತ ಕೈಮುಗಿದು ಹಿಂದೆ ಸರಿದ. ಬಾಗಿಲಲ್ಲಿ ನಿಂತಿದ್ದ ಅವನ ಆಳುಗಳು ಮೆಲ್ಲಗೆ ಹೊರಗೆ ಜಾರಿದರು. ತಿಪ್ಪಯ್ಯ ಎದ್ದು ಮಾದರಸನ ತಟ್ಟೆಯಲ್ಲಿ ಎಲೆ ಇಟ್ಟ. ಅವನ ಹಿಂದೆ ವರ್ತಕರು, ನೇಕಾರರು, ಗಾಣಿಗರು ಎಲ್ಲರೂ ಎದ್ದರು. ಕೆಂಚನಾಯಕನ ತಟ್ಟೆ ತೊಳೆದಿಟ್ಟ ಹಾಗೇ ಉಳಿಯಿತು.

ಮಲ್ಲರಸ ಹೊಟ್ಟೆ ಹಿಡಿದುಕೊಂಡು ನಕ್ಕ. "ಗುರುಬಸವ್ವಾ, ಏನು ಬೇಕೋ ಕೇಳು, ಕೊಡ್ತೀನಿ."

"ಒಂದೇ ಬೇಡಿಕೆ ಪ್ರಭು. ನೀವು ಊರಲ್ಲೇ ಇರಿ. ಮಾದರಸರಿಗೆ ವಯಸ್ಸಾಗಿದೆ, ಪಾಪ, ಅವರಿಗೆ ಕೆಲಸ ಹಚ್ಚಬೇಡಿ."